ಕುರಿಗಳ ಶ್ವಾಸಕೋಶದ ರೋಗ: ಹುಟ್ಟುವ ಬಗೆ, ಬೆಳೆಯುವ ಬಗೆ

ಅಡಿಕೆ, ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಕುರಿಯ ಮಾತೇಕೆ ಎಂದು ಕೆಲವು ಸದಸ್ಯರಿಗೆ ಅನ್ನಿಸಬಹುದು. ಆದರೆ ತೋಟಕ್ಕೂ ಕುರಿಗೂ ಇರುವ ನಂಟು ಹಳೆಯದು. ಚನ್ನಗಿರಿ, ಹೊಳಲ್ಕೆರೆ, ತರೀಕೆರೆ, ಕಡೂರು ಕಡೆಯ ತೋಟದವರು ಕುರಿಗಾಹಿಗಳಿಗೆ ದುಡ್ಡೋ ಕಾಳೋ ಕೊಟ್ಟು ರಾತ್ರಿ ಹೊತ್ತು ತೋಟದಲ್ಲಿ ಮಂದೆ ನಿಲ್ಲಿಸಿಕೊಳ್ಳುವುದು ತಲೆಮಾರುಗಳಿಂದ ನಡೆದುಬಂದಿದೆ. ಕುರಿಯ ಹಿಕ್ಕೆ, ಗಂಜಲಗಳಿಗೆ ಸಮನಾದ ಗೊಬ್ಬರ ಅಂಗಡಿಯಲ್ಲಿ ಸಿಗುವುದಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಹೆಚ್ಚು ಮಳೆ ಬೀಳುವ ಒಳ ಮಲೆನಾಡಿನಲ್ಲಿ ಕುರಿಗಿಂತ ಮೇಕೆಯೇ ಹೆಚ್ಚು. ಆದರೂ ಬೆಲೆ ಇಳಿದ ವರ್ಷ, ಕೊಳೆ ಬಂದ ವರ್ಷ ಕೈ ಹಿಡಿಯಲಿ ಎಂದು ಹತ್ತಿಪ್ಪತ್ತು ತಲೆ ಸಾಕುವ ಸಣ್ಣ ಬೆಳೆಗಾರರು ಎಲ್ಲ ಕಡೆಯೂ ಇದ್ದಾರೆ. ಇಂಥವರ ಕೊಟ್ಟಿಗೆಯಲ್ಲಿ ನಾಲ್ಕು ಕುರಿ ಸತ್ತರೆ ಅದು ಮಗಳ ಶಾಲೆಯ ಖರ್ಚೋ, ತೋಟದ ಕೂಲಿಯೋ ಆಗಿರುತ್ತದೆ.

ಹೀಗೆ ಸಾಯುವ ಕುರಿಗಳಲ್ಲಿ ಬಹಳಷ್ಟು ಶ್ವಾಸಕೋಶದ ರೋಗದಿಂದಲೇ ಸಾಯುತ್ತವೆ. "ನಿನ್ನೆ ಸಂಜೆ ಚೆನ್ನಾಗಿಯೇ ಮೇದಿತ್ತು, ಬೆಳಿಗ್ಗೆ ನೋಡಿದರೆ ಸತ್ತುಬಿದ್ದಿತ್ತು" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ವಾಸ್ತವವಾಗಿ ಶ್ವಾಸಕೋಶ ಒಂದು ರಾತ್ರಿಯಲ್ಲಿ ಕೆಡುವುದು ಅಪರೂಪ. ಕೆಲವು ರೋಗಗಳು ದಿನಗಳಲ್ಲಿ, ಕೆಲವು ವಾರಗಳಲ್ಲಿ, ಇನ್ನು ಕೆಲವು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತವೆ. ಕೆಮ್ಮು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ರೋಗ ಹಲವು ಮೆಟ್ಟಿಲು ಏರಿರುತ್ತದೆ. ಯಾವ ಮೆಟ್ಟಿಲಿನಲ್ಲಿ ಏನಾಗುತ್ತದೆ ಎಂದು ತಿಳಿದುಕೊಂಡರೆ ಮೊದಲ ಮೆಟ್ಟಿಲಲ್ಲೇ ತಡೆಯಬಹುದು. ಈ ಲೇಖನದ ಉದ್ದೇಶ ಅಷ್ಟೇ.

ಮೂಗಿನಲ್ಲೇ ಇರುವ ಶತ್ರು

ಕುರಿಯ ಮೂಗು, ಗಂಟಲು, ಶ್ವಾಸನಾಳಗಳ ಒಳಗೋಡೆಗೆ ತೆಳುವಾದ ಲೋಳೆಯ ಹೊದಿಕೆಯಿದೆ. ಅದರ ಕೆಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿವೆ. ಉಸಿರಿನೊಡನೆ ಒಳಹೋದ ಧೂಳು, ರೋಗಾಣುಗಳು ಈ ಲೋಳೆಗೆ ಅಂಟಿಕೊಳ್ಳುತ್ತವೆ. ರೋಮಗಳು ಗದ್ದೆಯ ಪೈರು ಗಾಳಿಗೆ ತೂಗುವಂತೆ ಒಂದೇ ದಿಕ್ಕಿಗೆ ಬಡಿಯುತ್ತ ಆ ಕಸವನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ಇಷ್ಟನ್ನೂ ದಾಟಿ ಕೊನೆಯ ಗಾಳಿಗೂಡುಗಳಿಗೆ ಇಳಿದ ರೋಗಾಣುಗಳನ್ನು ಅಲ್ಲಿಯ ಕಾವಲು ಕಣಗಳು ನುಂಗಿಹಾಕುತ್ತವೆ. ಆರೋಗ್ಯವಂತ ಕುರಿಯ ಶ್ವಾಸಕೋಶದಲ್ಲಿ ಈ ಕೆಲಸ ಹಗಲಿರುಳೂ ನಡೆದಿರುತ್ತದೆ.

ಕುರಿಗಳಲ್ಲಿ ಅತಿ ಸಾಮಾನ್ಯವಾದ ನ್ಯುಮೋನಿಯಾವನ್ನು ತರುವ ರೋಗಾಣು ಮ್ಯಾನ್‌ಹೈಮಿಯಾ ಹೀಮೋಲಿಟಿಕಾ. 1999ರವರೆಗೆ ಇದಕ್ಕೆ ಪಾಶ್ಚುರೆಲ್ಲಾ ಎಂಬ ಹೆಸರಿತ್ತು. ಇಂದಿಗೂ ಅನೇಕರು ಈ ರೋಗವನ್ನು ಪಾಶ್ಚುರೆಲ್ಲೋಸಿಸ್ ಎಂದೇ ಕರೆಯುತ್ತಾರೆ. ಸದಸ್ಯರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಈ ರೋಗಾಣು ಹೊರಗಿನಿಂದಲೇ ಬರಬೇಕೆಂದಿಲ್ಲ. ಆರೋಗ್ಯವಾಗಿರುವ ಕುರಿಯ ಮೂಗು ಗಂಟಲುಗಳಲ್ಲೇ ಅದು ಸುಮ್ಮನೆ ವಾಸವಾಗಿರುತ್ತದೆ. ಕಾವಲು ಸಡಿಲಾಗುವವರೆಗೆ ತೊಂದರೆ ಕೊಡುವುದಿಲ್ಲ.

ಕಾವಲು ಸಡಿಲಾಗುವುದು ಹೇಗೆ? ಮೈ ತೊಯ್ದ ಕುರಿ ರಾತ್ರಿಯಿಡೀ ತಣ್ಣನೆಯ ಗಾಳಿಗೆ ನಿಂತರೆ ಸಡಿಲಾಗುತ್ತದೆ. ಸಂತೆಯಿಂದ ಲಾರಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿ, ನೀರು ಮೇವಿಲ್ಲದೆ ತಂದರೆ ಸಡಿಲಾಗುತ್ತದೆ. ತಾಯಿಯಿಂದ ಮರಿಯನ್ನು ಅಗಲಿಸಿದಾಗ, ಮೇವು ದಿಢೀರನೆ ಬದಲಾದಾಗ, ಜಂತುಹುಳು ಮಿತಿಮೀರಿದಾಗಲೂ ಹೀಗೆಯೇ. ಎಲ್ಲಕ್ಕಿಂತ ಹೆಚ್ಚಾಗಿ, ಗಾಳಿಯಾಡದ ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಅಮೋನಿಯಾ ಅನಿಲ ಆ ಸೂಕ್ಷ್ಮ ರೋಮಗಳನ್ನು ಸುಟ್ಟು ಮಂಕಾಗಿಸುತ್ತದೆ. ಸೊಳ್ಳೆ ಓಡಿಸಲೆಂದು ಬಾಗಿಲು ಮುಚ್ಚಿ ಹಾಕುವ ದಟ್ಟ ಹೊಗೆಯಿಂದಲೂ ಕೆಡುಕೇ ಹೆಚ್ಚು.

ನ್ಯುಮೋನಿಯಾದ ಮೆಟ್ಟಿಲುಗಳು

ಮೊದಲನೆಯ ಮೆಟ್ಟಿಲಿನಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ನೆಗಡಿ ಇರುತ್ತದೆ. ಪ್ಯಾರಾ ಇನ್‌ಫ್ಲುಯೆಂಜಾ ಎಂಬ ವೈರಸ್ಸೋ, ಮೈಕೋಪ್ಲಾಸ್ಮಾ ಜಾತಿಯ ಸೂಕ್ಷ್ಮಾಣುವೋ ಶ್ವಾಸನಾಳದ ಗೋಡೆಗೆ ಹತ್ತಿ ರೋಮಗಳನ್ನು ಕೆಡಿಸುತ್ತದೆ. ಕುರಿ ಒಂದೆರಡು ಸಲ ಸೀನುತ್ತದೆ, ಮೂಗಿನಿಂದ ತಿಳಿನೀರು ಇಳಿಯುತ್ತದೆ, ಮೇವನ್ನು ಬಿಡುವುದಿಲ್ಲ. ನಾವು ಗಮನಿಸುವುದೂ ಇಲ್ಲ.

ಎರಡನೆಯ ಮೆಟ್ಟಿಲಿನಲ್ಲಿ ಗಂಟಲಿನಲ್ಲಿದ್ದ ಮ್ಯಾನ್‌ಹೈಮಿಯಾ ಹೇರಳವಾಗಿ ಬೆಳೆದು ಉಸಿರಿನೊಡನೆ ಕೆಳಗಿಳಿಯುತ್ತದೆ. ಅದು ಮೊದಲು ನೆಲೆಯೂರುವುದು ಶ್ವಾಸಕೋಶದ ಮುಂದಿನ, ಕೆಳಗಿನ ಭಾಗಗಳಲ್ಲಿ. ಅಲ್ಲಿ ಅದು ಒಂದು ವಿಷವನ್ನು ಬಿಡುತ್ತದೆ. ಅದನ್ನು ಕೊಲ್ಲಲು ಬಂದ ಬಿಳಿ ರಕ್ತಕಣಗಳು ಈ ವಿಷಕ್ಕೆ ಸಿಕ್ಕಿ ಒಡೆದುಹೋಗುತ್ತವೆ. ಒಡೆದ ಕಣಗಳೊಳಗಿನ ತೀಕ್ಷ್ಣ ರಸಗಳು ಶ್ವಾಸಕೋಶವನ್ನೇ ಸುಡುತ್ತವೆ. ಕಳ್ಳನನ್ನು ಹಿಡಿಯಲು ಬಂದವರ ಕೈಯ ಪಂಜಿನಿಂದಲೇ ಮನೆಗೆ ಬೆಂಕಿ ಹತ್ತಿದ ಹಾಗೆ.

ಮೂರನೆಯ ಮೆಟ್ಟಿಲಿನಲ್ಲಿ ಗಾಳಿಗೂಡುಗಳಲ್ಲಿ ನೀರು, ರಕ್ತ, ಕೀವು ತುಂಬಿಕೊಳ್ಳುತ್ತವೆ. ಸ್ಪಂಜಿನಂತೆ ಹಗುರವಾಗಿ, ತಿಳಿಗುಲಾಬಿ ಬಣ್ಣದಲ್ಲಿರಬೇಕಾದ ಶ್ವಾಸಕೋಶ ಕಪ್ಪುಗೆಂಪಾಗಿ, ಲಿವರಿನ ಹಾಗೆ ಗಟ್ಟಿಯಾಗುತ್ತದೆ. ಇಂಥ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಆರೋಗ್ಯವಂತ ಶ್ವಾಸಕೋಶ ತೇಲುತ್ತದೆ. ಈಗ ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಕುರಿಯ ಸಹಜ ಉಷ್ಣತೆ 102ರಿಂದ 103ರ ಆಸುಪಾಸು. ತಂಪು ಹೊತ್ತಿನಲ್ಲಿ ವಿರಮಿಸುವ ಕುರಿ ನಿಮಿಷಕ್ಕೆ ಸುಮಾರು 15ರಿಂದ 30 ಸಲ ಉಸಿರಾಡಿದರೆ, ಈ ಕುರಿ ಅದಕ್ಕಿಂತ ಬಹಳ ಹೆಚ್ಚು ಸಲ ಪಕ್ಕೆ ಬಡಿಯುತ್ತದೆ. ಕಿವಿ ಜೋಲುತ್ತವೆ, ಮಂದೆಯಿಂದ ಹಿಂದೆ ಉಳಿಯುತ್ತದೆ, ಮೆಲುಕು ನಿಲ್ಲಿಸುತ್ತದೆ, ಗಟ್ಟಿ ಸಿಂಬಳ ಮೂಗಿಗೆ ಕಟ್ಟಿಕೊಳ್ಳುತ್ತದೆ.

ನಾಲ್ಕನೆಯ ಮೆಟ್ಟಿಲಿನಲ್ಲಿ ಕುರಿ ಕತ್ತು ಚಾಚಿ, ಮುಂಗಾಲು ಅಗಲಿಸಿ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತದೆ. ಇಲ್ಲಿಂದ ಹಿಂದಕ್ಕೆ ತರುವುದು ಬಹು ಕಷ್ಟ. ಬದುಕಿದರೂ ಶ್ವಾಸಕೋಶ ಪಕ್ಕೆಲುಬಿನ ಒಳಗೋಡೆಗೆ ಅಂಟಿಕೊಂಡು, ಮೈ ಹತ್ತದೆ, ಮಾರಲೂ ಇಟ್ಟುಕೊಳ್ಳಲೂ ಆಗದ ಕುರಿಯಾಗಿ ಉಳಿಯಬಹುದು. ಎಳೆಯ ಮರಿಗಳಲ್ಲಿ ಈ ಮೆಟ್ಟಿಲುಗಳೆಲ್ಲ ಒಂದೆರಡು ದಿನದಲ್ಲೇ ಮುಗಿದುಹೋಗಬಹುದು. ಹಾಗಾದಾಗಲೇ ನಮಗೆ "ರಾತ್ರಿ ಬೆಳಗಾಗುವುದರಲ್ಲಿ ಸತ್ತಿತು" ಎಂದು ತೋರುವುದು.

ಚಿಕಿತ್ಸೆಗೆ ಬೆಲೆಯಿರುವುದು ಎರಡನೆಯ ಮೆಟ್ಟಿಲಿನಲ್ಲಿ. ಮಂದೆಯ ಹಿಂದೆ ಉಳಿದ ಕುರಿಯನ್ನು ಅಂದೇ ಹಿಡಿದು ಜ್ವರ ನೋಡಿ, ಅಂದೇ ಪಶುವೈದ್ಯರಿಗೆ ತೋರಿಸಿದರೆ ಔಷಧಿ ಫಲ ಕೊಡುತ್ತದೆ. ಉಳಿದುಹೋದ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ಒಂದು ದಿನ ಚುಚ್ಚಿ ನಿಲ್ಲಿಸುವುದರಿಂದ ರೋಗವೂ ಹೋಗುವುದಿಲ್ಲ, ಮುಂದೆ ಆ ಔಷಧಿಯೂ ನಾಟುವುದಿಲ್ಲ.

ಗೊಟ್ಟದಿಂದ ಬರುವ ನ್ಯುಮೋನಿಯಾ

ಇದಕ್ಕೆ ಸಂಬಂಧಿಸಿದ ಇನ್ನೊಂದು ಮಾತು. ಕುರಿಗೆ ಗೊಟ್ಟದಲ್ಲಿ ಔಷಧಿ, ಎಣ್ಣೆ, ಗಂಜಿ ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಿ, ನಾಲಿಗೆ ಹೊರಗೆಳೆದು ಸುರಿಯುವ ರೂಢಿ ಕೆಲವರಲ್ಲಿದೆ. ಆಗ ದ್ರವ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಎಣ್ಣೆಯಾದರಂತೂ ಶ್ವಾಸಕೋಶ ಅದನ್ನು ಹೊರಹಾಕಲಾರದು. ಎರಡು ಮೂರು ದಿನದಲ್ಲಿ ಕೊಳೆತ ವಾಸನೆಯ ಉಸಿರಿನೊಡನೆ ಕುರಿ ಸಾಯುತ್ತದೆ. ಗೊಟ್ಟ ಹಾಕುವಾಗ ಕುರಿಯ ಮೂಗು ಅದರ ಕಣ್ಣಿನ ಮಟ್ಟಕ್ಕಿಂತ ಮೇಲೇರಬಾರದು, ನಾಲಿಗೆ ಹಿಡಿಯಬಾರದು, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವಾಗಿ, ನುಂಗಲು ಸಮಯ ಕೊಟ್ಟು ಕುಡಿಸಬೇಕು, ಕೆಮ್ಮಿದರೆ ಕೂಡಲೇ ತಲೆ ಬಿಡಬೇಕು.

ಪಿ.ಪಿ.ಆರ್.: ದೊಡ್ಡ ರೋಗದ ಸೋದರ

ಇದುವರೆಗೆ ಹೇಳಿದ್ದು ಒಳಗೇ ಇರುವ ಶತ್ರುವಿನ ಮಾತಾಯಿತು. ಇನ್ನು ಹೊರಗಿನಿಂದ ನಾಲ್ಕು ಕಾಲಿನ ಮೇಲೆ ನಡೆದು ಬರುವ ಶತ್ರು. ದನಗಳಿಗೆ ಬರುತ್ತಿದ್ದ ದೊಡ್ಡ ರೋಗ ಹಿರಿಯರಿಗೆ ನೆನಪಿರಬಹುದು. ಅದು ಪ್ರಪಂಚದಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿಸಲಾಯಿತು. ಅದರ ಹತ್ತಿರದ ಬಂಧುವಾದ ವೈರಸ್ಸು ಕುರಿ ಮೇಕೆಗಳಿಗೆ ತರುವ ರೋಗವೇ ಪಿ.ಪಿ.ಆರ್. ಇದನ್ನು ಮೊದಲು ವರ್ಣಿಸಿದ್ದು 1942ರಲ್ಲಿ ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನಲ್ಲಿ. ಭಾರತದಲ್ಲಿ ಮೊದಲು ಗುರುತಿಸಿದ್ದು 1987ರಲ್ಲಿ ತಮಿಳುನಾಡಿನಲ್ಲಿ.

ರೋಗಾಣು ಸೇರಿದ ಸುಮಾರು 4ರಿಂದ 6 ದಿನಗಳಲ್ಲಿ ಜೋರು ಜ್ವರ, ಕಣ್ಣು ಮೂಗುಗಳಲ್ಲಿ ನೀರು, ವಸಡು ನಾಲಿಗೆಗಳ ಮೇಲೆ ಹುಣ್ಣು, ದುರ್ನಾತದ ಭೇದಿ ಕಾಣಿಸಿಕೊಳ್ಳುತ್ತವೆ. ಭೇದಿಯನ್ನು ಕಂಡು ಹೊಟ್ಟೆಯ ರೋಗವೆಂದು ತಿಳಿಯುವುದು ಸಹಜ. ಆದರೆ ಈ ವೈರಸ್ಸು ಕುರಿಯ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವುದರಿಂದ ಗಂಟಲಿನಲ್ಲಿ ಕಾದಿದ್ದ ಮ್ಯಾನ್‌ಹೈಮಿಯಾಕ್ಕೆ ಬಾಗಿಲು ತೆರೆದಂತಾಗುತ್ತದೆ. ಅನೇಕ ಪ್ರಾಣಿಗಳನ್ನು ಕಡೆಗೆ ಕೊಲ್ಲುವುದು ಈ ನ್ಯುಮೋನಿಯಾವೇ.

ಈ ರೋಗಕ್ಕೆ ಒಳ್ಳೆಯ ಲಸಿಕೆಯಿದೆ. ನಮ್ಮ ದೇಶದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆ ಸುಂಗ್ರಿ ಎಂಬ ತಳಿಯ ವೈರಸ್ಸಿನಿಂದ ಅದನ್ನು ಸಿದ್ಧಪಡಿಸಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಜ್ಯದ ಸಂಸ್ಥೆಯಲ್ಲೂ ಈ ಲಸಿಕೆ ತಯಾರಾಗುತ್ತದೆ. ಮರಿಗೆ ನಾಲ್ಕು ತಿಂಗಳಾದ ಮೇಲೆ ಒಮ್ಮೆ ಹಾಕಿಸಿದರೆ ಕನಿಷ್ಠ 3 ವರ್ಷ ರಕ್ಷಣೆ ದೊರೆಯುತ್ತದೆ. 2030ರೊಳಗೆ ಈ ರೋಗವನ್ನೂ ಪ್ರಪಂಚದಿಂದ ತೊಲಗಿಸಬೇಕೆಂದು ರಾಷ್ಟ್ರಗಳು ಗುರಿ ಇಟ್ಟುಕೊಂಡಿವೆ. ನಮ್ಮ ಕೊಟ್ಟಿಗೆಯ ಹತ್ತು ತಲೆಗಳನ್ನು ಲಸಿಕೆಯಿಂದ ತಪ್ಪಿಸಿದರೆ ಆ ಗುರಿಗೆ ನಾವೇ ಅಡ್ಡ ನಿಂತಂತೆ.

ಶ್ವಾಸಕೋಶದ ಹುಳು

ದಿನಗಳಲ್ಲಿ ಬೆಳೆಯುವ ರೋಗಗಳನ್ನು ನೋಡಿದೆವು. ವಾರಗಳಲ್ಲಿ ಬೆಳೆಯುವುದು ಹುಳುವಿನ ಬಾಧೆ. ಡಿಕ್ಟಿಯೋಕಾಲಸ್ ಎಂಬ ದಾರದಂಥ ಬಿಳಿಹುಳು ಶ್ವಾಸನಾಳದಲ್ಲೇ ವಾಸಮಾಡುತ್ತದೆ. ಅದು ಇಟ್ಟ ಮೊಟ್ಟೆಗಳು ಕೆಮ್ಮಿನೊಡನೆ ಬಾಯಿಗೆ ಬಂದು, ನುಂಗಿದಾಗ ಹೊಟ್ಟೆ ಸೇರಿ, ಒಡೆದು ಮರಿಗಳಾಗಿ ಹಿಕ್ಕೆಯಲ್ಲಿ ಹೊರಬೀಳುತ್ತವೆ. ತೇವವೂ ತಂಪೂ ಇರುವ ಹುಲ್ಲಿನಲ್ಲಿ ಸುಮಾರು ಒಂದು ವಾರದಲ್ಲಿ ಅವು ರೋಗ ತರಬಲ್ಲ ಹಂತಕ್ಕೆ ಬೆಳೆಯುತ್ತವೆ. ಹುಲ್ಲಿನೊಡನೆ ಕುರಿಯ ಕರುಳನ್ನು ಸೇರಿ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ, ಮತ್ತೆ ಮೊಟ್ಟೆಯಿಡುವುದಕ್ಕೆ ಸುಮಾರು 5 ವಾರ ಹಿಡಿಯುತ್ತದೆ. ಇನ್ನೊಂದು ಜಾತಿಯ ಸಣ್ಣ ಹುಳುಗಳು ಬಸವನಹುಳುಗಳ ಮೈಯಲ್ಲಿ ಬೆಳೆದು, ಹುಲ್ಲಿನೊಡನೆ ಆ ಬಸವನಹುಳು ಬಾಯಿಗೆ ಹೋದಾಗ ಕುರಿ ಮೇಕೆಗಳನ್ನು ಸೇರುತ್ತವೆ.

ತೋಟದ ನೆರಳು, ಇಬ್ಬನಿ, ಬಸವನಹುಳು ಇವು ಮೂರೂ ನಮ್ಮಲ್ಲಿ ಧಾರಾಳವಾಗಿ ಇರುವಂಥವು. ಆದ್ದರಿಂದ ಮಳೆಗಾಲ ಮತ್ತು ಅದರ ನಂತರದ ಇಬ್ಬನಿಯ ದಿನಗಳಲ್ಲಿ ಬಿಸಿಲೇರಿ ಹುಲ್ಲು ಆರಿದ ಮೇಲೆಯೇ ಕುರಿ ಬಿಡುವುದು ಲೇಸು. ಜ್ವರವಿಲ್ಲದೆ ವಾರಗಟ್ಟಲೆ ಎಳೆಯುವ ಕೆಮ್ಮು, ಓಡಿಸಿದಾಗ ಹೆಚ್ಚುವ ಕೆಮ್ಮು, ಮೇದರೂ ಬಡಕಲಾಗುವ ಮರಿ ಇವು ಹುಳುವಿನ ಸೂಚನೆ. ಹಿಕ್ಕೆಯನ್ನು ಪರೀಕ್ಷೆಗೆ ಕಳುಹಿಸಿ, ವೈದ್ಯರು ಹೇಳಿದ ಜಂತುನಾಶಕವನ್ನು ತೂಕಕ್ಕೆ ತಕ್ಕಂತೆ ಕುಡಿಸಬೇಕು. ಗಬ್ಬದ ಮೊದಲ ತಿಂಗಳಲ್ಲಿ ಕೆಲವು ಜಂತುನಾಶಕಗಳು ಸಲ್ಲವೆಂಬುದನ್ನೂ ನೆನಪಿಡಬೇಕು.

ಇಪ್ಪತ್ತು ಕುರಿಗಳು ಒಂದು ದೇಶಕ್ಕೆ ತಂದ ಕೇಡು

ವರ್ಷಗಳಲ್ಲಿ ಬೆಳೆಯುವ ಶ್ವಾಸಕೋಶದ ರೋಗಗಳ ವಿಷಯಕ್ಕೆ ಬಂದರೆ, ಐಸ್‌ಲೆಂಡ್ ದೇಶದ ಕಥೆಯನ್ನು ಹೇಳದೆ ವಿಧಿಯಿಲ್ಲ. ಉತ್ತರ ಅಟ್ಲಾಂಟಿಕ್ ಸಾಗರದ ನಡುವಿನ ಆ ದ್ವೀಪದಲ್ಲಿ ಬೇಸಾಯಕ್ಕಿಂತ ಕುರಿಯೇ ರೈತನ ಬದುಕು. ಅಲ್ಲಿಯ ಕುರಿಗಳು ಸಾವಿರ ವರ್ಷಗಳಿಂದ ಹೆಚ್ಚುಕಡಿಮೆ ಹೊರಗಿನ ಕುರಿಗಳ ಸಂಪರ್ಕವಿಲ್ಲದೆ ಬೆಳೆದಂಥವು. ಪ್ರಪಂಚದಾದ್ಯಂತ ಬೆಲೆಗಳು ಕುಸಿದಿದ್ದ 1930ರ ದಶಕದಲ್ಲಿ ರೈತರ ಆದಾಯ ಹೆಚ್ಚಿಸಬೇಕೆಂದು ಸರ್ಕಾರ ಒಂದು ಯೋಜನೆ ಮಾಡಿತು. ಕರಾಕುಲ್ ಎಂಬ ತಳಿಯ ಎಳೆಮರಿಗಳ ಗುಂಗುರು ಚರ್ಮಕ್ಕೆ ಆಗ ಒಳ್ಳೆಯ ಬೆಲೆಯಿತ್ತು. 1933ರಲ್ಲಿ ಜರ್ಮನಿಯ ಹಾಲೆ ಎಂಬ ಊರಿನಿಂದ 20 ಕರಾಕುಲ್ ಕುರಿಗಳನ್ನು ತರಿಸಲಾಯಿತು.

ಉದ್ದೇಶ ಒಳ್ಳೆಯದೇ. ಎಚ್ಚರಿಕೆಯನ್ನೂ ವಹಿಸಿದರು. ಕುರಿಗಳನ್ನು ನೇರವಾಗಿ ಊರುಗಳಿಗೆ ಕೊಡದೆ, ಒಂದು ಚಿಕ್ಕ ನಡುಗಡ್ಡೆಯಲ್ಲಿ ಎರಡು ತಿಂಗಳು ಬೇರೆಯಾಗಿ ಇಟ್ಟರು. ಯಾವ ಕುರಿಯಲ್ಲೂ ರೋಗದ ಚಿಹ್ನೆ ಕಾಣಲಿಲ್ಲ. ಆಮೇಲೆ ಅವುಗಳನ್ನು ಬೇರೆ ಬೇರೆ ಕಡೆಯ ರೈತರಿಗೆ ಹಂಚಿದರು.

ಒಂದೆರಡು ವರ್ಷಗಳೊಳಗೆ ಡೇಲ್ಡರ್‌ತುಂಗಾ ಎಂಬಲ್ಲಿಯ ಮಂದೆಯಲ್ಲಿ ಕುರಿಗಳು ಏದುಸಿರು ಬಿಟ್ಟು ಸಾಯತೊಡಗಿದವು. ಅದು ಯಾಗ್‌ಸೀಕ್ಟೆ ಎಂಬ ಶ್ವಾಸಕೋಶದ ಅರ್ಬುದ ರೋಗವೆಂದು ಗೊತ್ತಾಯಿತು. ದಕ್ಷಿಣ ಆಫ್ರಿಕದ ಡಚ್ಚರ ಭಾಷೆಯಲ್ಲಿ ಈ ಹೆಸರಿಗೆ ಅಟ್ಟಿಸಿಕೊಂಡು ಓಡಿದ ರೋಗ ಎಂಬ ಅರ್ಥ. ನಿಂತಲ್ಲೇ ನಿಂತ ಕುರಿ ಓಡಿ ಬಂದಂತೆ ಏದುವುದರಿಂದ ಆ ಹೆಸರು. ಒಂದು ಜಾತಿಯ ವೈರಸ್ಸು ಗಾಳಿಗೂಡುಗಳ ಗೋಡೆಯ ಕಣಗಳನ್ನು ಹೊಕ್ಕು, ಅವು ಮಿತಿಯಿಲ್ಲದೆ ಬೆಳೆಯುವಂತೆ ಮಾಡುತ್ತದೆ. ಬೆಳೆದ ಗಂಟುಗಳಿಂದ ನೊರೆನೀರು ಒಸರಿ ಶ್ವಾಸಕೋಶ ತುಂಬುತ್ತದೆ. ರೋಗ ಬಲಿತ ಕುರಿಯ ಹಿಂಗಾಲು ಎತ್ತಿ ತಲೆ ಕೆಳಗೆ ಮಾಡಿದರೆ ಮೂಗಿನಿಂದ ಈ ನೀರು ಸುರಿಯುತ್ತದೆ. ಜ್ವರವಿಲ್ಲ, ಮೇವು ಬಿಡುವುದಿಲ್ಲ, ಆದರೆ ಕುರಿ ದಿನೇ ದಿನೇ ಸೊರಗುತ್ತದೆ. ಕಡೆಗೆ ಬಂದು ಕೊಲ್ಲುವುದು ಬಹುತೇಕ ಅದೇ ಮ್ಯಾನ್‌ಹೈಮಿಯಾ. ಆದ್ದರಿಂದಲೇ ಇಂಜೆಕ್ಷನ್ ಕೊಟ್ಟಾಗ ಒಂದೆರಡು ದಿನ ಸುಧಾರಿಸಿದಂತೆ ಕಂಡು ಮತ್ತೆ ಮೊದಲಿನಂತಾಗುವುದು.

ಅಲ್ಲಿಗೇ ಮುಗಿಯಲಿಲ್ಲ. 1939ರ ಹೊತ್ತಿಗೆ ಅದೇ ಕರಾಕುಲ್ ಕುರಿಗಳು ತಂದ ಇನ್ನೊಂದು ರೋಗ ಬೇರೆಯಾಗಿ ಕಾಣಿಸಿಕೊಂಡಿತು. ಅಲ್ಲಿಯ ಜನ ಅದನ್ನು ಮೈದಿ, ಅಂದರೆ ಏದುಸಿರು ಎಂದು ಕರೆದರು. ಇದರಲ್ಲಿ ಗಂಟುಗಳಿಲ್ಲ, ಇಡೀ ಶ್ವಾಸಕೋಶ ನಿಧಾನವಾಗಿ ದಪ್ಪವಾಗಿ, ರಬ್ಬರಿನಂತಾಗಿ, ಸಹಜ ತೂಕಕ್ಕಿಂತ ಎರಡು ಮೂರು ಪಟ್ಟು ಭಾರವಾಗುತ್ತದೆ. ಅದೇ ವೈರಸ್ಸು ಮಿದುಳನ್ನು ಸೇರಿದಾಗ ಹಿಂಗಾಲು ಸೋತು ಕುರಿ ಒಣಗಿಹೋಗುತ್ತದೆ. ಅದಕ್ಕೆ ವಿಸ್ನಾ ಎಂದರು. ರೋಗಾಣು ಸೇರಿದ ಮೇಲೆ ಚಿಹ್ನೆ ಕಾಣಲು ಎರಡು ವರ್ಷವೋ ಇನ್ನೂ ಹೆಚ್ಚೋ ಬೇಕು. ಅಷ್ಟು ಕಾಲವೂ ಕುರಿ ಆರೋಗ್ಯವಾಗಿಯೇ ಕಾಣುತ್ತ, ಉಸಿರಿನಿಂದ ನೆರೆಯ ಕುರಿಗೂ ಹಾಲಿನಿಂದ ಮರಿಗೂ ರೋಗವನ್ನು ಹಂಚುತ್ತಿರುತ್ತದೆ. ಬೇಸಿಗೆಯಲ್ಲಿ ಊರಿನ ಕುರಿಗಳೆಲ್ಲ ಗುಡ್ಡದ ಮೇಲೆ ಒಟ್ಟಿಗೆ ಮೇಯುವುದು, ಶರತ್ಕಾಲದಲ್ಲಿ ಒಂದೇ ದೊಡ್ಡಿಗೆ ಕೂಡಿ ಬೇರ್ಪಡಿಸುವುದು, ಚಳಿಗಾಲದಲ್ಲಿ ಮುಚ್ಚಿದ ಕೊಟ್ಟಿಗೆಯಲ್ಲಿ ಒತ್ತಾಗಿ ಇರುವುದು ಅಲ್ಲಿಯ ಪದ್ಧತಿ. ರೋಗಕ್ಕೆ ಇದಕ್ಕಿಂತ ಅನುಕೂಲ ಬೇಕಿರಲಿಲ್ಲ.

ಮೊದಲು ದೇಶದ ಉದ್ದಗಲಕ್ಕೂ ಬೇಲಿಗಳನ್ನು ಹಾಕಿ ಪ್ರದೇಶಗಳನ್ನು ಬೇರ್ಪಡಿಸಿದರು. ಸಾಲದೆ ಬಂದಾಗ, 1940ರ ದಶಕದಲ್ಲಿ ರೈತರೂ ಸರ್ಕಾರವೂ ಕೂಡಿ ಕಠಿಣ ನಿರ್ಧಾರ ಕೈಗೊಂಡರು. ರೋಗವಿದ್ದ ಒಂದೊಂದು ಪ್ರದೇಶದಲ್ಲೂ ರೋಗಿಯೆನ್ನದೆ ಆರೋಗ್ಯವಂತನೆನ್ನದೆ ಎಲ್ಲ ಕುರಿಗಳನ್ನೂ ಕಡಿದು, ಕೊಟ್ಟಿಗೆಗಳನ್ನು ಕೆಲಕಾಲ ಖಾಲಿ ಬಿಟ್ಟು, ರೋಗ ಮುಟ್ಟದ ಭಾಗಗಳಿಂದ ಮರಿಗಳನ್ನು ತಂದು ಮತ್ತೆ ಮಂದೆ ಕಟ್ಟಿದರು. ಹೀಗೆ ಕಡಿದ ಕುರಿಗಳ ಸಂಖ್ಯೆ ಹಲವು ಲಕ್ಷ. ಯಾಗ್‌ಸೀಕ್ಟೆ 1952ರಲ್ಲಿ ಕೊನೆಗೊಂಡಿತು. ಮೈದಿಯ ಕೊನೆಯ ಪ್ರಕರಣ 1965ರದು. 20 ಕುರಿಗಳಿಂದ ಬಂದದ್ದನ್ನು ತೊಲಗಿಸಲು 32 ವರ್ಷ ಬೇಕಾಯಿತು. ಅವುಗಳೊಡನೆಯೇ ಬಂದ ಜೋನೆ ಎಂಬ ಕರುಳಿನ ರೋಗವನ್ನು ನಿರ್ಮೂಲ ಮಾಡಲಾಗದೆ ಲಸಿಕೆಯಿಂದ ಹಿಡಿತದಲ್ಲಿ ಇಡಬೇಕಾಯಿತು.

ಈ ಅನಾಹುತದಿಂದ ವಿಜ್ಞಾನಕ್ಕೆ ಮಾತ್ರ ಒಂದು ದೊಡ್ಡ ಲಾಭವಾಯಿತು. ಅಲ್ಲಿಯ ಕೆಲ್ದೂರ್ ಸಂಶೋಧನಾ ಸಂಸ್ಥೆಯ ಬ್ಯೋರ್ನ್ ಸಿಗುರ್ದ್‌ಸನ್ ಎಂಬ ವಿಜ್ಞಾನಿ ಈ ಕುರಿಗಳನ್ನು ಅಭ್ಯಾಸ ಮಾಡಿ, ವರ್ಷಗಟ್ಟಲೆ ಅಡಗಿದ್ದು ನಿಧಾನವಾಗಿ ಬೆಳೆಯುವ ಸೋಂಕುಗಳ ಒಂದು ವರ್ಗವೇ ಇದೆಯೆಂದು 1954ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ವಿವರಿಸಿದರು. 1980ರ ದಶಕದಲ್ಲಿ ಮನುಷ್ಯರ ಏಡ್ಸ್ ರೋಗದ ವೈರಸ್ಸು ಗೊತ್ತಾದಾಗ, ಅದು ಮೈದಿ-ವಿಸ್ನಾ ವೈರಸ್ಸಿನ ಗುಂಪಿಗೇ ಸೇರಿದ್ದೆಂದು ತಿಳಿದುಬಂತು. ಸ್ಕಾಟ್‌ಲೆಂಡಿನಲ್ಲಿ 1996ರಲ್ಲಿ ಹುಟ್ಟಿದ ಪ್ರಸಿದ್ಧ ತದ್ರೂಪು ಕುರಿ ಡಾಲಿಗೂ ಇದೇ ಯಾಗ್‌ಸೀಕ್ಟೆ ತಗಲಿ, 2003ರ ಫೆಬ್ರವರಿ 14ರಂದು ಅದಕ್ಕೆ ದಯಾಮರಣ ಕೊಡಬೇಕಾಯಿತು. ಯಾಗ್‌ಸೀಕ್ಟೆಗಾಗಲಿ ಮೈದಿಗಾಗಲಿ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಯಾಗ್‌ಸೀಕ್ಟೆ ನಮ್ಮ ದೇಶದಲ್ಲೂ ವರದಿಯಾಗಿದೆ.

ನಮ್ಮ ಬೆಳೆಗಾರರಿಗೆ ಈ ಪಾಠ ಹೊಸದಲ್ಲ. ಕಾಫಿಯ ಬೆರ್ರಿ ಬೋರರ್ 1990ರಲ್ಲಿ ಗೂಡಲೂರಿನಲ್ಲಿ ಮೊದಲು ಕಂಡು, ಅಲ್ಲಿಂದ ವೈನಾಡು, ಕೊಡಗುಗಳಿಗೆ ಹರಡಿದ್ದನ್ನು ನಾವು ಕಂಡಿದ್ದೇವೆ. ಗಡಿ ದಾಟಿ ಬಂದದ್ದನ್ನು ಹಿಂದಕ್ಕೆ ಕಳಿಸಲಾಗುವುದಿಲ್ಲ.

ಉಸಿರೇರಿದ್ದೆಲ್ಲ ಶ್ವಾಸಕೋಶದ ರೋಗವಲ್ಲ

ತೋಟದವರು ವಿಶೇಷವಾಗಿ ತಿಳಿಯಬೇಕಾದ ಒಂದು ಅಂಶವಿದೆ. ಅಡಿಕೆಯ ಕೊಳೆರೋಗಕ್ಕೂ ಕಾಫಿಯ ತುಕ್ಕುರೋಗಕ್ಕೂ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಮೈಲುತುತ್ತ, ಅಂದರೆ ತಾಮ್ರ. ಶೇಕಡಾ 1ರ ದ್ರಾವಣಕ್ಕೆ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೀಳುತ್ತದೆ. ಸಾಕುಪ್ರಾಣಿಗಳಲ್ಲಿ ತಾಮ್ರಕ್ಕೆ ಅತಿ ಬೇಗ ಬಲಿಯಾಗುವುದು ಕುರಿ. ಸಿಂಪಡಣೆಯ ಹನಿ ಬಿದ್ದ ಹುಲ್ಲನ್ನು ವಾರಗಟ್ಟಲೆ ಮೇದರೆ ತಾಮ್ರ ಲಿವರಿನಲ್ಲಿ ಸದ್ದಿಲ್ಲದೆ ಕೂಡುತ್ತದೆ. ಒಂದು ದಿನ ಮಳೆಯಲ್ಲಿ ನೆನೆದೋ, ದೂರ ನಡೆದೋ ಕುರಿ ದಣಿದಾಗ ಅದೆಲ್ಲ ಒಮ್ಮೆಗೇ ರಕ್ತಕ್ಕೆ ಇಳಿದು ಕೆಂಪುಕಣಗಳನ್ನು ಒಡೆಯುತ್ತದೆ. ಕುರಿ ಏದುತ್ತದೆ, ನಿಲ್ಲಲಾರದು; ನೋಡಿದವರು ನ್ಯುಮೋನಿಯಾ ಎಂದುಕೊಳ್ಳುತ್ತಾರೆ.

ವ್ಯತ್ಯಾಸ ಗುರುತಿಸುವುದು ಕಷ್ಟವಲ್ಲ. ಕಣ್ಣಿನ ಒಳಪೊರೆ ಮತ್ತು ವಸಡು ಹಳದಿಯಾಗಿದ್ದು, ಮೂತ್ರ ಕಾಫಿ ಡಿಕಾಕ್ಷನ್ನಿನಂತೆ ಕಪ್ಪುಗೆಂಪಾಗಿದ್ದರೆ ತಾಮ್ರದ ವಿಷವನ್ನು ಸಂಶಯಿಸಬೇಕು. ಔಷಧಿ ಹೊಡೆದ ಹಂಗಾಮಿನಲ್ಲಿ ಆ ತೋಟದ ಹುಲ್ಲನ್ನು ಕುರಿಗೆ ಮೇಯಿಸಲೂ ಬಾರದು, ಕೊಯ್ದು ಹಾಕಲೂ ಬಾರದು. ಡ್ರಮ್ಮು ತೊಳೆದ ನೀರು ಕುರಿಗಳು ಕುಡಿಯುವ ಕಡೆಗೆ ಹರಿಯಬಾರದು. ದನಗಳ ಲವಣ ಮಿಶ್ರಣವನ್ನು ಕುರಿಗೆ ಕೊಡಬಾರದು. ಅದರಲ್ಲಿ ಕುರಿಗೆ ತಡೆಯದಷ್ಟು ತಾಮ್ರವಿರಬಹುದು.

ಮೊದಲ ಮೆಟ್ಟಿಲಲ್ಲಿ ತಡೆಯುವ ಕ್ರಮಗಳು

ಕೊಟ್ಟಿಗೆ: ನಮ್ಮಲ್ಲಿ ಕೈಗೆಟಕುವ ಅತ್ಯುತ್ತಮ ಸಾಮಗ್ರಿಯೆಂದರೆ ಅಡಿಕೆ ದಬ್ಬೆ. ನೆಲದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ, ಅರ್ಧ ಅಂಗುಲ ಸಂದು ಬಿಟ್ಟು ದಬ್ಬೆ ಹಾಸಿದರೆ ಹಿಕ್ಕೆ ಗಂಜಲ ಕೆಳಗೆ ಬೀಳುತ್ತವೆ, ಕುರಿಯ ಮೈ ಒಣಗಿರುತ್ತದೆ, ಗೊಬ್ಬರವೂ ಕೂಡುತ್ತದೆ. ಗೋಡೆಯನ್ನು ಮೂರು ಅಡಿಗೆ ನಿಲ್ಲಿಸಿ ಮೇಲೆ ಬಿದಿರಿನ ಜಾಲರಿ ಇರಲಿ. ಇರಿಚಲು ಹೊಡೆಯುವ ಕಡೆಗೆ ಸೋಗೆಯ ತಟ್ಟಿ ಕಟ್ಟಿದರೂ ಮಾಡಿನ ಕೆಳಗೆ ಗಾಳಿ ಹೋಗಲು ಸಂದಿರಬೇಕು. ದೊಡ್ಡ ಕುರಿಗೆ ತಲೆಗೆ ಸುಮಾರು 10 ಚದರ ಅಡಿ ಜಾಗ ಬೇಕು. ಬೆಳಗಿನ ಜಾವ ಕೊಟ್ಟಿಗೆಯೊಳಗೆ ಕುರಿಯ ಎತ್ತರಕ್ಕೆ ಬಗ್ಗಿ ಉಸಿರೆಳೆದು ನೋಡಿ. ನಿಮ್ಮ ಕಣ್ಣು ಉರಿದರೆ ಕುರಿಯ ಶ್ವಾಸಕೋಶವೂ ಉರಿಯುತ್ತಿದೆ ಎಂದೇ ತಿಳಿಯಿರಿ.

ಮರಿ: ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆ ಸೇರಬೇಕು. ತಾಯಿಯ ರೋಗನಿರೋಧಕ ಶಕ್ತಿ ಮರಿಗೆ ಬರುವ ದಾರಿ ಅದೊಂದೇ.

ಕೊಳ್ಳುವಾಗ: ಹೊಸ ಕುರಿಯನ್ನು ಕನಿಷ್ಠ 21ರಿಂದ 30 ದಿನ ಬೇರೆ ಕೊಟ್ಟಿಗೆಯಲ್ಲಿ, ಬೇರೆ ನೀರಿನ ಬಾನಿಯಿಟ್ಟು ಸಾಕಬೇಕು. ನ್ಯುಮೋನಿಯಾ, ಪಿ.ಪಿ.ಆರ್.ಗಳನ್ನು ಹಿಡಿಯಲು ಇಷ್ಟು ಸಾಕು. ಆದರೆ ವರ್ಷಗಟ್ಟಲೆ ಅಡಗುವ ರೋಗಕ್ಕೆ ಎರಡು ತಿಂಗಳೂ ಸಾಲದೆಂದು ಐಸ್‌ಲೆಂಡ್ ತೋರಿಸಿಕೊಟ್ಟಿದೆ. ಅದಕ್ಕಿರುವ ಉಪಾಯ ಒಂದೇ: ಕೊಳ್ಳುವ ಮರಿಯನ್ನಷ್ಟೇ ನೋಡದೆ, ಅದು ಹುಟ್ಟಿದ ಮಂದೆಯ ನಾಲ್ಕೈದು ವರ್ಷದ ಹಳೆಯ ಕುರಿಗಳನ್ನು ನೋಡಿ. ಅವು ಮೈ ತುಂಬಿಕೊಂಡು, ಗುಡ್ಡ ಏರಿದರೂ ಏದದೆ ಇದ್ದರೆ ಆ ಮಂದೆಯ ಮರಿಯನ್ನು ನಂಬಬಹುದು. ಹಳೆಯ ಕುರಿಯೇ ಉಳಿಯದ ಮಂದೆಯಿಂದ, ಎಲ್ಲಿಯದೆಂದು ಗೊತ್ತಿಲ್ಲದ ಸಂತೆಯ ಕುರಿಯಿಂದ ದೂರವಿರುವುದು ಒಳ್ಳೆಯದು.

ಮಂದೆ ನಿಲ್ಲಿಸುವಾಗ: ಕುರಿಗಾಹಿಗಳು ನಮಗೆ ಉಪಕಾರಿಗಳು, ಅವರ ಮಂದೆಯನ್ನು ಬೇಡವೆನ್ನಬೇಕಾಗಿಲ್ಲ. ಆದರೆ ಪಿ.ಪಿ.ಆರ್. ಲಸಿಕೆ ಆಗಿದೆಯೇ ಎಂದು ಯಜಮಾನರನ್ನು ಕೇಳಿ. ಆ ದಿನಗಳಲ್ಲಿ ಮನೆಯ ಕುರಿ ಮೇಕೆಗಳನ್ನು ಅದೇ ತೋಟಕ್ಕೂ ಅದೇ ತೊಟ್ಟಿಗೂ ಬಿಡಬೇಡಿ. ಔಷಧಿ ಹೊಡೆದ ತೋಟವಾದರೆ ಅವರಿಗೂ ಮುಂಚಿತವಾಗಿ ತಿಳಿಸುವುದು ನಮ್ಮ ಧರ್ಮ. ನಮ್ಮ ಗೊಬ್ಬರಕ್ಕಾಗಿ ಅವರ ಕುರಿ ಸಾಯಬಾರದು.

ಸತ್ತ ಮೇಲೆ: ಸತ್ತ ಕುರಿಯನ್ನು ಸುಮ್ಮನೆ ಹೂಳುವ ಮೊದಲು ಪಶುವೈದ್ಯರಿಂದ ಶವಪರೀಕ್ಷೆ ಮಾಡಿಸಿ. ಮುಂದಿನ ಭಾಗ ಗಟ್ಟಿಯಾಗಿದೆಯೋ, ಹುಳುವಿದೆಯೋ, ಗಂಟು ನೊರೆಗಳಿವೆಯೋ ಎಂಬುದನ್ನು ಆ ಶ್ವಾಸಕೋಶವೇ ಹೇಳುತ್ತದೆ. ಉಳಿದ ಕುರಿಗಳ ಪ್ರಾಣ ಆ ಉತ್ತರದಲ್ಲಿದೆ. ಆದರೆ ದಿಢೀರನೆ ಸತ್ತು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಬಂದಿದ್ದರೆ ಯಾರೂ ಕತ್ತಿ ಹಾಕಬಾರದು. ಅದು ಮನುಷ್ಯರಿಗೂ ತಗಲುವ ನೆರಡಿ ರೋಗವಿರಬಹುದು. ಹತ್ತಿರದ ಪಶು ಆಸ್ಪತ್ರೆಗೋ, 1962 ಸಹಾಯವಾಣಿಗೋ ಕೂಡಲೇ ತಿಳಿಸಿ.

ಇವುಗಳಲ್ಲಿ ಹೆಚ್ಚು ಖರ್ಚಿನ ಕೆಲಸ ಒಂದೂ ಇಲ್ಲ. ಬೇಕಾಗಿರುವುದು ಬೆಳಿಗ್ಗೆ ಕುರಿ ಬಿಡುವಾಗ, ಸಂಜೆ ಕೂಡುವಾಗ ಐದು ನಿಮಿಷ ಬಾಗಿಲಲ್ಲಿ ನಿಂತು ನೋಡುವ ಅಭ್ಯಾಸ: ಯಾವುದು ಹಿಂದೆ ಉಳಿಯಿತು, ಯಾವುದರ ಪಕ್ಕೆ ಬಡಿಯುತ್ತಿದೆ, ಯಾವುದು ಮೆಲುಕು ಹಾಕುತ್ತಿಲ್ಲ. ಅಡಿಕೆಯ ಹರಳು ಉದುರುವುದನ್ನು ಕಂಡು ಕೊಳೆ ಬಂತೆಂದು ಗುರುತಿಸುವ ಕಣ್ಣು ನಮ್ಮ ಬೆಳೆಗಾರರಿಗೆ ಇದ್ದೇ ಇದೆ. ಅದೇ ಕಣ್ಣು ಕೊಟ್ಟಿಗೆಯ ಕಡೆಗೂ ತಿರುಗಲಿ.